ಇಕ್ಕು ಮಾಸ್ತರ ಹಳದಿ ಕಣ್ಣು

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಾಸ್ತರು ನಿವೃತ್ತರಾದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕ್ರಮಪ್ರಕಾರ ನಡೆಯಿತು. ಇಂಥ ಪ್ರಾಮಾಣಿಕ ಮನುಷ್ಯ ಇಡೀ ಹೊನ್ನಾವರ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ಪ್ರಿನ್ಸಿಪಾಲರು ಮೇಜು ಕುಟ್ಟಿ ಹೇಳಿದರು. ಕೊನೆಗೆ ಸನ್ಮಾನಿತರು ಉತ್ತರ ಕೊಡಲು ಎದ್ದರು. ಮೈಕನ್ನು ತಮ್ಮ ಗಿಡ್ಡ ಎತ್ತರಕ್ಕೆ ಬಗ್ಗಿಸಿಕೊಂಡು, ಪ್ರಿನ್ಸಿಪಾಲರ ಕಡೆಗೊಮ್ಮೆ ನೋಡಿ, "ಇಕ್ಕು" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಅವರು ಎರಡು ನಿಮಿಷ ಏನೇನೋ ಹೇಳಿದರು, ಯಾರೂ ಕೇಳಿಸಿಕೊಳ್ಳಲಿಲ್ಲ.

ಇಕ್ಕು ಎಂದರೆ ಅವರ ಮನೆಮಾತಿನಲ್ಲಿ 'ಇರಬಹುದು'. ಮನೆಯಲ್ಲಿ ಹವ್ಯಕ ಕನ್ನಡ, ಕಾಲೇಜಿನಲ್ಲಿ ಪುಸ್ತಕದ ಕನ್ನಡ, ನಡುನಡುವೆ ಇಂಗ್ಲಿಷು. ಯಾವ ಭಾಷೆಯಲ್ಲಿ ಮಾತು ಹೊರಟರೂ ಬಂದು ನಿಲ್ಲುವುದು ಮಾತ್ರ ಇಕ್ಕುವಿನಲ್ಲೇ. ಹಾಗಾಗಿ ವಿದ್ಯಾರ್ಥಿಗಳು ಇಟ್ಟ ಹೆಸರು 'ಇಕ್ಕು ಮಾಸ್ತರು'. ಆ ಹೆಸರು ಅವರಿಗೆ ಗೊತ್ತಿತ್ತೇ ಎಂದು ಅವರನ್ನೇ ಕೇಳಿದರೆ ಏನು ಉತ್ತರ ಬರುತ್ತಿತ್ತೆಂದು ನಾನು ಬೇರೆ ಹೇಳಬೇಕಾಗಿಲ್ಲ.

ಆ ಸಭೆಯಲ್ಲಿ ನನಗೂ ನಾಲ್ಕು ಮಾತಾಡಲು ಹೇಳಿದ್ದರು. ನಾನು ಇತಿಹಾಸ ಕಲಿಸುವವನು, ಮಾತಿಗೆ ಬಡತನವಿಲ್ಲ. ಆದರೂ ತಲೆನೋವೆಂದು ತಪ್ಪಿಸಿಕೊಂಡೆ. ಅವರ ಬಗ್ಗೆ ನನಗೆ ಹೇಳಬೇಕಿದ್ದ ಸಂಗತಿ ಭಟ್ಕಳದ ಒಂದು ಮಂಚದ ಪಕ್ಕದಲ್ಲಿ ನಡೆದದ್ದು. ಅದನ್ನು ಹಣ್ಣಿನ ಬುಟ್ಟಿಯ ಎದುರು ಹೇಳಲು ಮನಸ್ಸು ಬರಲಿಲ್ಲ.

ಕೊಂಕಣ ತೀರಕ್ಕೆ ರೈಲು ಹೊಸತಾಗಿ ಬಂದ ಕಾಲದಿಂದ ನಮ್ಮಿಬ್ಬರದು ಬಸ್ಸಿನ ಸ್ನೇಹ. ನಾನು ಕುಮಟೆಯಲ್ಲಿ ಹತ್ತುತ್ತಿದ್ದೆ, ಅವರು ಹಳದೀಪುರದಲ್ಲಿ. ಒಂದು ಕೈಯಲ್ಲಿ ಬುತ್ತಿ, ಒಂದು ಕೈಯಲ್ಲಿ ಕೊಡೆ, ಬೇಸಿಗೆಯಲ್ಲೂ ಕೊಡೆ. "ಇವತ್ತೆಂತ ಸರ್, ಮಳೆ ಬರ್ತದಾ?" ಎಂದು ಏಪ್ರಿಲ್ ತಿಂಗಳಲ್ಲಿ ಕೇಳಿದರೂ ಅವರು ಕಿಟಕಿಯಿಂದ ಸಮುದ್ರದ ದಿಕ್ಕಿಗೆ ನೋಡಿ, ಅಂಗೈಯನ್ನು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ತಿರುಗಿಸಿ, ತೂಗಿ, ಇಕ್ಕು ಎನ್ನುವರು. ಸಾಂಬಾರಿಗೆ ಉಪ್ಪು ಸಾಕೇ ಎಂದು ಕೇಳಿದರೂ ಈ ಮನುಷ್ಯ ಅಂಗೈ ತಿರುಗಿಸುತ್ತಾರೆ ಎಂದು ಅವರ ಹೆಂಡತಿ ನಮ್ಮ ಮನೆಯವಳ ಹತ್ತಿರ ದೂರು ಹೇಳಿದ್ದರು.

ಲ್ಯಾಬಿನಲ್ಲಂತೂ ಇದು ಮಕ್ಕಳ ಪ್ರಾಣ ತಿನ್ನುತ್ತಿತ್ತು. ಪ್ರನಾಳದಲ್ಲಿ ಬಿಳಿ ಗಸಿ ಬಿದ್ದ ಕೂಡಲೇ ಹುಡುಗರು ಸಲ್ಫೇಟ್ ಸಿಕ್ಕಿತು ಎಂದು ಓಡಿ ಬರುವರು. ಅವರು ಪ್ರನಾಳವನ್ನು ಬೆಳಕಿಗೆ ಹಿಡಿದು, "ಇಕ್ಕು. ಇನ್ನೊಂದ್ಸಲ ಮಾಡು" ಎನ್ನುವರು. ಹಾಜರಿ ಕರೆಯುವಾಗ ಗೈರುಹಾಜರಾದವನ ಪರವಾಗಿ ಹಿಂದಿನ ಬೆಂಚಿನಿಂದ 'ಯೆಸ್ ಸಾರ್' ಎಂಬ ದಪ್ಪ ದನಿ ಬಂದರೆ ತಲೆಯೆತ್ತದೆ ಇಕ್ಕು ಎಂದು ಗೊಣಗಿ ಮುಂದಿನ ಹೆಸರಿಗೆ ಹೋಗುವರು. ಆ ಗೊಣಗುವಿಕೆಗೆ ಹೆದರಿ ನಮ್ಮಲ್ಲಿ ಪ್ರಾಕ್ಸಿ ಕಡಿಮೆಯಾಯಿತೆಂದು ಹೇಳುವವರಿದ್ದಾರೆ. ಧಾರವಾಡದಲ್ಲಿ ಪಿಎಚ್‌ಡಿಗೆಂದು ವರ್ಷಗಟ್ಟಲೆ ಇಲಿಗಳ ಯಕೃತ್ತಿನ ಮೇಲೆ ಕೆಲಸ ಮಾಡಿ, ಎಲ್ಲ ಅಧ್ಯಾಯ ಬರೆದು, ಉಪಸಂಹಾರ ಮಾತ್ರ ಬರೆಯಲಾಗದೆ ವಾಪಸು ಬಂದ ಮಹಾನುಭಾವರು ಇವರು. 'ಇದರಿಂದ ಸಿದ್ಧವಾಗುವುದೇನೆಂದರೆ' ಎಂದು ಬರೆಯಲು ಗೈಡು ಹೇಳಿದರಂತೆ. ಇಲಿಗಳಿಂದ ಅಷ್ಟೆಲ್ಲ ಸಿದ್ಧವಾಗುವುದಿಲ್ಲ ಎಂದು ಇವರು ಹೇಳಿದರಂತೆ. ಅಲ್ಲಿಗೆ ಡಾಕ್ಟರ್ ಪದವಿ ಹೋಯಿತು. ನಾನಾಗಿದ್ದರೆ ಒಂದು ರಾತ್ರಿಯಲ್ಲಿ ಉಪಸಂಹಾರ ಬರೆದು ಬೀಸಾಕುತ್ತಿದ್ದೆ.

ಇನ್ನು ಅವರ ಕಣ್ಣಿನ ವಿಷಯ. ತಿಂಗಳಿಗೆ ಎರಡು ಸಲ, ಏಕಾದಶಿಯ ಮರುದಿನ, ಅವರ ಕಣ್ಣಿನ ಬಿಳಿಭಾಗಕ್ಕೆ ಅರಿಸಿನ ತೇಯ್ದ ಬಣ್ಣ ಬರುತ್ತಿತ್ತು. ಅವರ ತಾಯಿ ಗಟ್ಟಿ ಹೆಂಗಸು. ಏಕಾದಶಿಯ ಉಪವಾಸವನ್ನು ತಾವೂ ಬಿಡರು, ಮಗನನ್ನೂ ಬಿಡಗೊಡರು. ಆ ತಾಯಿಯ ಎದುರು ರಸಾಯನಶಾಸ್ತ್ರ ನಡೆಯುತ್ತಿರಲಿಲ್ಲ. ದ್ವಾದಶಿಯ ಬೆಳಿಗ್ಗೆ ಮಾಸ್ತರು ಬಸ್ಸು ಹತ್ತಿದರೆಂದರೆ ಕಂಡಕ್ಟರನಿಂದ ಹಿಡಿದು ಮೀನಿನ ಬುಟ್ಟಿಯ ಹೆಂಗಸಿನವರೆಗೆ ಎಲ್ಲರೂ ವೈದ್ಯರೇ. "ಎಂತ ಆತ್ರಿ ಮಾಸ್ತರೇ, ಕಾಮಾಲೆಯನ್ರಿ?" ಎಂದು ಒಬ್ಬಳು ಕೇಳಿದರೆ ಇನ್ನೊಬ್ಬ ಮರುದಿನ ನೆಲನೆಲ್ಲಿಯ ಕಟ್ಟು ತಂದು ತೊಡೆಯ ಮೇಲಿಡುವನು. ನನ್ನ ತಾಯಿಯೂ ಸುಮ್ಮನಿರದೆ ಮುರುಗಲ ಹಣ್ಣಿನ ಪಾನಕದ ಬಾಟಲಿಯನ್ನು ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಅವರು ಎಲ್ಲವನ್ನೂ ತೆಗೆದುಕೊಂಡು ಎಲ್ಲವನ್ನೂ ಕುಡಿಯುವರು. ಇದರಿಂದ ಗುಣವಾಗುತ್ತದಾ ಎಂದು ಕೇಳಿದರೆ ರುಚಿ ಇದೆ ಎನ್ನುವರು. ಮಧ್ಯಾಹ್ನ ಎರಡು ತುತ್ತು ಅನ್ನ ಹೊಟ್ಟೆಗೆ ಬಿದ್ದು ರಾತ್ರಿ ನಿದ್ದೆಯಾದರೆ ಕಣ್ಣು ತಾನಾಗಿ ಬೆಳ್ಳಗಾಗುತ್ತಿತ್ತು. ಔಷಧ ಕೊಟ್ಟವರು ಬೀಗುವರು.

ಅದು ಕಾಮಾಲೆಯೇ ಅಲ್ಲ ಎಂದು ಅವರು ಬಸ್ಸಿನಲ್ಲಿ ನನಗೆ ವಿವರಿಸಿದ್ದರು. ನಮ್ಮ ಕರಾವಳಿಯ ಉಪ್ಪುಗಾಳಿಗೆ ತುಕ್ಕು ತಿಂದ ಕಿಟಕಿಯ ಸರಳೇ ಅವರ ಕರಿಹಲಗೆ. ಲಿವರಿನೊಳಗೆ ಹಗಲೂ ರಾತ್ರಿ ಸುಡುವ ಕೆಲಸ ನಡೆದಿರುತ್ತದೆ. ಸುಡುವಲ್ಲಿ ಕಿಡಿ ಹಾರುವುದೇ. ಆ ಕಿಡಿ ಬಿದ್ದಲ್ಲಿ ಈ ಸರಳಿಗಾದ ಗತಿಯೇ ಆಗುತ್ತದೆ. ಅದಕ್ಕೆಂದು ದೇಹ ತಾನೇ ಕಿಡಿ ಆರಿಸುವ ಕೆಲವು ವಸ್ತುಗಳನ್ನು ಮಾಡಿ ಇಟ್ಟುಕೊಳ್ಳುತ್ತದೆ, ಗ್ಲುಟಾಥಯೋನ್ ಎಂಬುದು ಅದರಲ್ಲಿ ದೊಡ್ಡದು. ಪುಸ್ತಕದಲ್ಲಿ ಇವಕ್ಕೆ ಆಂಟಿಆಕ್ಸಿಡೆಂಟು ಎನ್ನುತ್ತಾರೆ. ಕಿಡಿ ಹೆಚ್ಚಾಗಿ ಇವು ಕಮ್ಮಿ ಬಿದ್ದರೆ, ಲಿವರಿನಲ್ಲಿ ಸುಮ್ಮನೆ ಮಲಗಿದ್ದ ಕೆಲವು ಜೀವಕೋಶಗಳು ಎದ್ದು ನಾರು ನೇಯತೊಡಗುತ್ತವೆ. ಗಾಯ ಮುಚ್ಚಲು ಎದ್ದವು, ನಿಲ್ಲಿಸುವುದು ತಿಳಿಯದೆ, ಮೆತ್ತಗಿನ ಲಿವರನ್ನು ತೆಂಗಿನ ಸಿಪ್ಪೆ ಮಾಡಿಬಿಡುತ್ತವೆ. ಅದೇ ಗಾಯದ ಕಲೆ. ಇಷ್ಟು ಹೇಳುವಷ್ಟರಲ್ಲಿ ಬಸ್ಸು ಕರ್ಕಿ ದಾಟುತ್ತಿತ್ತು.

ಹಾಗಾದರೆ ನಿಮ್ಮ ಹಳದಿ ಎಂತದು ಎಂದರೆ ಕಾಲೇಜು ಬರುವವರೆಗೆ ಇನ್ನೊಂದು ಪಾಠ. ಹಳೆಯ ರಕ್ತ ಒಡೆದಾಗ ಒಂದು ಹಳದಿ ಬಣ್ಣ ಉಳಿಯುತ್ತದೆ, ಲಿವರು ಅದನ್ನು ಸಾಗಹಾಕುತ್ತದೆ. ಇವರ ಲಿವರು ಆ ಒಂದು ಕೆಲಸದಲ್ಲಿ ಹುಟ್ಟಿನಿಂದ ಸ್ವಲ್ಪ ಸೋಮಾರಿ, ಹೊಟ್ಟೆ ಖಾಲಿಯಿದ್ದರೆ ಇನ್ನೂ ಸೋಮಾರಿ. ಮಂಗಳೂರಿನ ಡಾಕ್ಟರು ನೋಡಿ, ಇದು ಕಾಯಿಲೆಯಲ್ಲ, ಕೆಲವು ಮನೆತನಗಳಲ್ಲಿ ಬರುತ್ತದೆ ಎಂದು ಕಳಿಸಿದ್ದರಂತೆ. ತಮಾಷೆಯೆಂದರೆ ಈ ಹಳದಿಯೂ ಕಿಡಿ ಆರಿಸುವ ಜಾತಿಯದೇ. ಅದು ಕೊಂಚ ಹೆಚ್ಚಿದ್ದವರಲ್ಲಿ ಲಿವರಿನ ಕಲೆ ಬೆಳೆಯುವುದು ನಿಧಾನವಾಗಬಹುದು ಎಂದು ಕೆಲವರು ಬರೆದಿದ್ದಾರಂತೆ. 'ಬಹುದು' ಎನ್ನುವಾಗ ಅವರ ಮುಖದಲ್ಲಿ ಹಲಸಿನ ತೊಳೆ ಬಾಯಿಗಿಟ್ಟ ತೃಪ್ತಿ ಕಾಣುತ್ತಿತ್ತು.

ಕಾಮಾಲೆ ಕಣ್ಣಿನವರೆಲ್ಲ ಪುಣ್ಯವಂತರು ಹಾಗಾದರೆ ಎಂದು ನಾನು ಚುಚ್ಚಿದ್ದೆ. ಅವರು ತಲೆಯಾಡಿಸಿದರು. ಲಿವರು ಕಲೆಗಟ್ಟಿ ಸೋತಾಗ ಬರುವ ಹಳದಿ ಬೇರೆ, ಕಣ್ಣಿಗೆ ಎರಡೂ ಒಂದೇ. "ಗದ್ದೆಗೆ ಬರೋ ನೀರೂ ಶರಾವತಿದೇ, ನೆರೆ ನೀರೂ ಶರಾವತಿದೇ" ಎಂದರು. ಅದಕ್ಕೆ ಮಾತ್ರ ಇಕ್ಕು ಸೇರಿಸಲಿಲ್ಲವಲ್ಲ ಎಂದು ನಾನು ಛೇಡಿಸಿದಾಗ, ಬಸ್ಸು ಇಳಿಯುತ್ತ ಅದನ್ನೂ ಸೇರಿಸಿದರು.

ನಮ್ಮ ಮನೆಮಾತು ಕೊಂಕಣಿ. ನಮ್ಮಲ್ಲಿ ಇದ್ದರೆ ಆಸ್ಸ, ಇಲ್ಲದಿದ್ದರೆ ನಾ, ನಡುವೆ ಏನೂ ಇಲ್ಲ. ಇಂಥ ಮನುಷ್ಯನ ಜೊತೆ ಪ್ರತಿದಿನ ಬಸ್ಸಿನಲ್ಲಿ ಕೂರುವುದು ನನ್ನ ಸ್ವಭಾವಕ್ಕೆ ದೊಡ್ಡ ಪರೀಕ್ಷೆಯಾಗಿತ್ತು. ಆದರೆ ಅವರು ಬಾರದ ದಿನ ಬಸ್ಸು ಬೇಸರ ತರುತ್ತಿದ್ದುದೂ ನಿಜ.

ಅವರಿಗೆ ಒಬ್ಬಳೇ ಮಗಳು. ಧಾರವಾಡದ ಹಾಸ್ಟೆಲಿನಲ್ಲಿದ್ದು ಎಂಎಸ್ಸಿ ಮುಗಿಸಿ ಬಂದಿದ್ದಳು. ಅವಳಿಗೊಂದು ಗಂಡು ನೋಡಿದ್ದು ನಾನೇ. ಹಿಂದೆ ನಾನು ಭಟ್ಕಳದ ಕಾಲೇಜಿನಲ್ಲಿದ್ದಾಗ ಪರಿಚಯವಾದ ಬ್ಯಾಂಕಿನ ಮೆನೇಜರೊಬ್ಬರು ನಿವೃತ್ತರಾಗಿ ಅಲ್ಲೇ ಮನೆ ಮಾಡಿಕೊಂಡಿದ್ದರು. ಅವರ ಮಗ ಹುಬ್ಬಳ್ಳಿಯ ಪಾಲಿಟೆಕ್ನಿಕ್ಕಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ. ಮೆನೇಜರದು ಮಾಸ್ತರಿಗೆ ತೀರ ತಿರುಗುಮುರುಗು ಸ್ವಭಾವ. ದೊಡ್ಡ ದನಿ, ದೊಡ್ಡ ನಗೆ, ಏನು ಕೇಳಿದರೂ ಹೌದು ಅಥವಾ ಅಲ್ಲ, ಮೇಲಿಂದ ಸೀಲು. ಜೀವಮಾನದಲ್ಲಿ ಹೆಂಡ ಮುಟ್ಟದಿದ್ದರೂ ಸಕ್ಕರೆ ಕಾಯಿಲೆ, ಬೊಜ್ಜು ಸೇರಿ ಅವರ ಲಿವರಿನಲ್ಲಿ ಕಲೆ ಕಟ್ಟಿತ್ತು. ಸ್ಕ್ಯಾನಿನಲ್ಲಿ ಅದು ಗೊತ್ತಾದ ಮೇಲೆ ಊರಿನವರು, ಬ್ಯಾಂಕಿನವ ಕದ್ದು ಕುಡಿದಿರಬೇಕು ಎಂದು ತೀರ್ಮಾನಿಸಿಬಿಟ್ಟಿದ್ದರು. ಆ ಅವಮಾನಕ್ಕೆ ಅವರು ಸಿಕ್ಕ ಸಿಕ್ಕ ಔಷಧವನ್ನೆಲ್ಲ ಮಾಡಿದ್ದರು.

ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಆಮೇಲೆ ಹಳದೀಪುರದ ಟೆಲಿಫೋನ್ ಬೂತಿನಲ್ಲಿ ಹುಡುಗಿ ಆಗಾಗ ಕಾಣುತ್ತಿದ್ದಾಳೆ ಎಂಬ ಸುದ್ದಿಯೂ ಬಸ್ಸಿಗೆ ಬಂತು. ನಿಶ್ಚಿತಾರ್ಥಕ್ಕೆ ಪುರೋಹಿತರು ಒಂದು ದಿನ ಕೊಟ್ಟರು. ಹೆಂಗಸರು ಒಪ್ಪಿದರು, ಛತ್ರ ಬೇಡ ಮನೆಯಲ್ಲೇ ಸಾಕು ಎಂದಾಯಿತು. ಅದು ಏಕಾದಶಿಯ ಮರುದಿನ ಎಂಬುದು ಪಂಚಾಂಗ ನೋಡಿದವರಿಗೆಲ್ಲ ಗೊತ್ತಿತ್ತು, ಅವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ರಸಾಯನಶಾಸ್ತ್ರ ಗೊತ್ತಿದ್ದವರು ಪಂಚಾಂಗ ನೋಡಲಿಲ್ಲ. ಹಾಸ್ಟೆಲಿನಲ್ಲಿ ಮೂರು ಹೊತ್ತು ಉಂಡುಕೊಂಡಿದ್ದ ಹುಡುಗಿಗೆ ಅಜ್ಜಿ, ಮದುವೆ ಚಲೋ ಆಗಲಿ, ಈ ಏಕಾದಶಿಯನ್ನು ನೀರೂ ಮುಟ್ಟದೆ ಮಾಡು ಎಂದರು. ಹುಡುಗಿ ಸಂತೋಷದಲ್ಲಿ ಮಾಡಿದಳು. ಸಂತೋಷದಲ್ಲಿ ನಿದ್ದೆಯನ್ನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ಮನೆ ಸದ್ದಿಲ್ಲದೆ ಇತ್ತು. ಮಾಸ್ತರು ಜಗುಲಿಯ ಕಂಬ ಹಿಡಿದು ನಿಂತಿದ್ದರು, ಕಣ್ಣು ಹಳದಿ. ಒಳಗಿನ ಬಾಗಿಲಲ್ಲಿ ರೇಷ್ಮೆ ಸೀರೆ ಉಟ್ಟು ಮಗಳು ನಿಂತಿದ್ದಳು, ಅವಳ ಕಣ್ಣೂ ಹಳದಿ. ತನ್ನದು ಅವಳಿಗೂ ಬಂದಿದೆ ಎಂಬುದು ಅವರಿಗೆ ಗೊತ್ತಾದದ್ದು ಅವತ್ತೇ. ನನಗೆ ನಗು ಬಂತು. ಆದರೆ ಆ ಹುಡುಗಿಯ ಮುಖ ನೋಡಿ ನಗು ಹಾರಿಹೋಯಿತು. ಭಟ್ಕಳದ ವ್ಯಾನು ಆಗಲೇ ಮಂಕಿ ದಾಟಿದೆ ಎಂದು ಫೋನು ಬಂದಿತ್ತು. ಲಿವರು ಹಾಳಾದ ಮನುಷ್ಯನ ಮನೆಗೆ ಹಳದಿ ಕಣ್ಣಿನ ಸೊಸೆ. ಏನಾಗಬಹುದೆಂದು ಎಲ್ಲರಿಗೂ ಗೊತ್ತಿತ್ತು.

ಅವಳು ಅಪ್ಪನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಪ್ಪಯ್ಯ, ಇವತ್ತೊಂದಿನ ಆ ಇಕ್ಕು ಬಿಟ್ಟು ಮಾತಾಡು."

ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

ಬೀಗರು ಬಂದರು, ಕೈಕಾಲು ತೊಳೆದರು, ಬೆಲ್ಲ ನೀರು ಕುಡಿದರು. ಹಳದಿ ಮೊದಲು ಕಂಡದ್ದು ಮೆನೇಜರ ಅಣ್ಣನಿಗೆ. ಅವರು ಹುಡುಗಿಯನ್ನೇ ನೋಡುತ್ತ, ತಮ್ಮನ ಕಿವಿಯಲ್ಲಿ ಹೇಳುವವರಂತೆ ಇಡೀ ಜಗುಲಿಗೆ ಕೇಳುವ ಹಾಗೆ, "ಕೂಸಿಗೆ ಕಾಮಾಲೆ ಆದಾಂಗೆ ಕಾಣ್ತಲ" ಎಂದರು. ಹೆಂಗಸರ ಕಡೆ ಬಳೆಯ ಸದ್ದು ನಿಂತಿತು. ಸದ್ಯ ಮುಂದೂಡಿದರೆ ಹೇಗೆ, ಆರೋಗ್ಯ ಮುಖ್ಯ ಅಲ್ಲವೇ ಎಂದು ಅಣ್ಣ ಸೇರಿಸಿದರು. ನಮ್ಮ ಕಡೆ ಮುಂದೂಡುವುದೆಂದರೆ ಏನೆಂದು ಎಲ್ಲರೂ ಬಲ್ಲರು. ಹುಡುಗ ತಲೆ ತಗ್ಗಿಸಿ ಕಾರ್ಪೆಟ್ಟಿನ ಎಳೆ ಕೀಳುತ್ತಿದ್ದ.

ಮಾಸ್ತರು ಇದ್ದದ್ದು ಇದ್ದಂತೆ ಹೇಳಿದರು. ತನಗೂ ಹೀಗೆಯೇ, ಉಪವಾಸದ ಮರುದಿನ ಬರುತ್ತದೆ, ಡಾಕ್ಟರರು ಕಾಯಿಲೆಯಲ್ಲ ಎಂದಿದ್ದಾರೆ, ಈವರೆಗೆ ತಿಳಿದ ಮಟ್ಟಿಗೆ ಇದರಿಂದ ಕೇಡಿಲ್ಲ. 'ಈವರೆಗೆ ತಿಳಿದ ಮಟ್ಟಿಗೆ' ಎಂದು ಕೇಳಿ ನಾನು ಹಲ್ಲು ಕಡಿದೆ. ಹೆಣ್ಣಿನ ತಂದೆ ಆಡುವ ಮಾತೇ ಇದು? ಮಧ್ಯಸ್ಥನ ಕರ್ತವ್ಯವೆಂದು ನಾನೇ ಬಾಯಿ ಹಾಕಿದೆ. ಕೇಡಿಲ್ಲದಿರುವುದಷ್ಟೇ ಅಲ್ಲ, ಈ ಹಳದಿ ಇದ್ದವರ ಲಿವರಿಗೆ ಕಲೆಯೇ ಕಟ್ಟುವುದಿಲ್ಲ, ದೇಹವೇ ಮಾಡಿಕೊಂಡ ಔಷಧ ಇದು, ಮಾಸ್ತರೇ ನನಗೆ ಹೇಳಿದ್ದಾರೆ ಎಂದೆ. ಸುಣ್ಣದ ಜೊತೆ ಸ್ವಲ್ಪ ಬಣ್ಣವನ್ನೂ ಬಳಿದೆ ಎನ್ನಿ.

ಮೆನೇಜರು ನೆಟ್ಟಗೆ ಕುಳಿತರು. ಅವರ ಕಣ್ಣಿನಲ್ಲಿ ಆಸೆ ಹೊತ್ತಿಕೊಂಡದ್ದನ್ನು ನಾನು ನೋಡಿದೆ. "ಹೌದನ ಭಾವ?" ಎಂದು ಮಾಸ್ತರನ್ನು ಕೇಳಿದರು. "ನನ್ನ ಮೊಮ್ಮಕ್ಕಕ್ಕೆ ನನ್ನ ಲಿವರಿನ ಗತಿ ಬತ್ತಿಲ್ಲೆ ಹೇಳಾತು. ಹೌದ, ಅಲ್ದ?"

ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಬಾಗಿಲ ಸಂದಿನಿಂದ ಮಗಳು ನೋಡುತ್ತಿದ್ದಳು. ಮಾಸ್ತರ ಅಂಗೈ ಮೇಲಕ್ಕೆ ತಿರುಗಿತು, ಕೆಳಕ್ಕೆ ತಿರುಗಿತು.

"ಇಕ್ಕು," ಎಂದರು. "ಇಲ್ಲದೆಯೂ ಇಕ್ಕು. ನಂಗೆ ಗೊತ್ತಿಲ್ಲೆ ಭಾವ. ಯಾರಿಗೂ ಇನ್ನೂ ಸಮಾ ಗೊತ್ತಿಲ್ಲೆ."

ಆ ಕ್ಷಣ ಅವರನ್ನು ಹೊತ್ತುಕೊಂಡು ಹೋಗಿ ಸಮುದ್ರಕ್ಕೆ ಹಾಕೋಣ ಅನ್ನಿಸಿತು ನನಗೆ. ಒಳಗೆ ಯಾರೋ ಮೂಗು ಎಳೆದ ಸದ್ದಾಯಿತು. ಅಣ್ಣ ಎದ್ದು ಶಲ್ಯ ಹೆಗಲಿಗೆ ಹಾಕಿಕೊಂಡರು.

ಮೆನೇಜರು ಏಳಲಿಲ್ಲ. ಮಾಸ್ತರನ್ನೇ ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ, ಮೊಣಕೈಯ ಮೇಲಿನ ಸುಟ್ಟ ಗುರುತುಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದರು. ಲಿವರಿನ ಕಾಯಿಲೆಗೆಂದು ಕಾದ ಕಬ್ಬಿಣದಿಂದ ಹಾಕಿಸಿಕೊಂಡ ಚುಟಿಕೆಗಳು ಅವು.

"ಇದು ಹಾಕ್ದಂವಂಗೆ ಖಂಡಿತ ಗೊತ್ತಿತ್ತು," ಎಂದರು. "ಬೆಳಕೆ ಊರಲ್ಲಿ ಸೊಪ್ಪು ಅರೆದು ಕೊಟ್ಟಂವಂಗೂ ಖಂಡಿತ ಗೊತ್ತಿತ್ತು. ಪಕ್ಕದ ಮನೆ ಸಾಹೇಬ್ರು ದುಬೈಯಿಂದ ತಂದ ಮಾತ್ರೆ ಡಬ್ಬಿ ಮೇಲೂ ಖಂಡಿತ ಹೇಳಿ ಬರೆದಿತ್ತು. ಗೊತ್ತಿಲ್ಲೆ ಹೇಳಿದಂವ ಇವನೊಬ್ಬನೇಯ. ಅಣ್ಣ, ಕೂತ್ಕ. ಈ ಮನೆ ಕೂಸು ಸಾಕು ನಂಗೆ."

ನಿಶ್ಚಿತಾರ್ಥ ನಡೆಯಿತು. ಊಟವಾಗಿ ಎಲೆ ಎತ್ತುವ ಹೊತ್ತಿಗೆ ಹುಡುಗಿಯ ಕಣ್ಣು ಬೆಳ್ಳಗಾಗಿತ್ತು ಎಂದು ಅಜ್ಜಿ ಈಗಲೂ ಸಾಧಿಸುತ್ತಾರೆ. ಅಷ್ಟು ಬೇಗ ಆಗುವುದಿಲ್ಲ. ಆದರೆ ಅದನ್ನು ಅಜ್ಜಿಗೆ ಹೇಳುವ ಧೈರ್ಯ ಮಾಸ್ತರಿಗೇ ಇರಲಿಲ್ಲ, ನನಗೆ ಎಲ್ಲಿಂದ ಬರಬೇಕು.

ಆಮೇಲೆ ಆ ಇಬ್ಬರು ಭಾವಂದಿರ ನಡುವೆ ಬೆಳೆದ ಸ್ನೇಹ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಬಸ್ಸಿನ ಸ್ನೇಹಿತನನ್ನು ಬೀಗರು ಹಾರಿಸಿಕೊಂಡು ಹೋದರಲ್ಲ. ಭಾನುವಾರ ಬಂದರೆ ಮಾಸ್ತರು ಕೊಡೆ ಹಿಡಿದು ಭಟ್ಕಳದ ಬಸ್ಸು ಹತ್ತುವರು, ಎಷ್ಟೋ ಸಲ ನನ್ನನ್ನೂ ಎಳೆದುಕೊಂಡು. ಮೆನೇಜರು ಅಂಗಳದಿಂದಲೇ, ಬಂತು ನೋಡು ಇಕ್ಕು ಭಾವನ ಸವಾರಿ ಎಂದು ಕೂಗುವರು. ಭಟ್ಕಳಕ್ಕೆಲ್ಲ ಆ ಹೆಸರು ಹಬ್ಬಿಸಿದ್ದು ಅವರೇ. ಪಕ್ಕದ ಮನೆಯ ಜವಳಿ ವ್ಯಾಪಾರಿ, ಭಟ್ಕಳದ ಮುಸ್ಲಿಮರ ನವಾಯತಿ ಮಾತಾಡುವ ಹಿರಿಯರು, ಮೆನೇಜರ್ ಸಾಬರ ಮೇಲಿನ ಪ್ರೀತಿಗೆ ದುಬೈಯ ಮಗನಿಂದ ಆಂಟಿಆಕ್ಸಿಡೆಂಟ್ ಮಾತ್ರೆಯ ಡಬ್ಬಿ ತರಿಸಿ ಕೊಡುತ್ತಲೇ ಇದ್ದರು. ಅದನ್ನು ನುಂಗಬಹುದೇ ಎಂದು ಮೆನೇಜರು ಭಾವನನ್ನು ಕೇಳಿದರು. ನುಂಗಿದ್ದರಲ್ಲಿ ಹೆಚ್ಚಿನದು ಹೊಟ್ಟೆಯಲ್ಲೇ ಮುರಿದುಹೋಗಬಹುದು, ಲಿವರು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುವುದು, ಅದಕ್ಕೆ ಅಡ್ಡಿ ಮಾಡದೆ ಸಕ್ಕರೆ ಬಿಟ್ಟು ನಡೆದರೆ ಒಳ್ಳೆಯದಾಗಬಹುದು ಎಂದು ಮಾಸ್ತರು ಅಂಗೈ ತಿರುಗಿಸಿದರು. ಮೆನೇಜರು ಮಾತ್ರೆ ಚೆಲ್ಲಿ ಡಬ್ಬಿಗಳಲ್ಲಿ ಕಾಳುಮೆಣಸು, ಇಂಗು ತುಂಬಿಸಿ ಅಡಿಗೆಮನೆಗೆ ಕೊಟ್ಟರು. ಸಾಹೇಬರು ಬಂದಾಗ ಡಬ್ಬಿ ಕಾಣದೆ, ಮಾತ್ರೆಯೆಲ್ಲ ಮುಗಿದಿರಬೇಕೆಂದು ಸಂತೋಷಪಟ್ಟು ಇನ್ನೊಂದು ತರಿಸುವರು. ಸಂಜೆ ಸಾಹೇಬರೂ ಮೆನೇಜರೂ ಜೊತೆಯಾಗಿ ಪೇಟೆ ಸುತ್ತಿ ನಡೆಯುತ್ತಿದ್ದರು, ಉರ್ದು ಕನ್ನಡ ಎರಡನ್ನೂ ಒಟ್ಟಿಗೆ ಆಡುತ್ತ. ಪಾಯಸ ಬಿಟ್ಟರೆಂದು ಮಾತ್ರ ನಾನು ಪ್ರಮಾಣ ಮಾಡಲಾರೆ.

ಮೊಮ್ಮಗಳು ಹುಟ್ಟಿದ ಮೂರನೆಯ ದಿನ ಶಿಶುವಿನ ಕಣ್ಣು ಹಳದಿಯಾಯಿತು. ಮೆನೇಜರು ಕಾಲೇಜಿಗೇ ಫೋನು ಮಾಡಿ, ಬಂತು ಭಾವ, ನಿನ್ನ ಹಳದಿ ಬಂತು, ಕೂಸು ಬಚಾವು ಎಂದು ಕೂಗಿದ್ದು ಸ್ಟಾಫ್ ರೂಮಿಗೆಲ್ಲ ಕೇಳಿಸಿತು. ಮಾಸ್ತರು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, "ಹುಟ್ಟಿದ ಮಕ್ಕಕ್ಕೆ ಹೆಚ್ಚಿನವಕ್ಕೂ ಬತ್ತು ಭಾವ" ಎಂದರು. ಆಚೆ ಕಡೆಯ ದನಿ ತಗ್ಗಿದ್ದನ್ನು ಕೇಳಿ ಪಾಪವೆನ್ನಿಸಿರಬೇಕು, ಸ್ವಲ್ಪ ತಡೆದು, ಇದು ಅದೇ ಇದ್ದರೂ ಇಕ್ಕು ಎಂದು ಸೇರಿಸಿದರು. ಆಚೆಯಿಂದ ಮತ್ತೆ ನಗೆ ಕೇಳಿತು.

ಹೀಗೆ ಕೆಲವು ವರ್ಷ ಕಳೆದವು. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ವರ್ಷ ಎಂದು ಮೆನೇಜರು ಹೇಳಿಕೊಳ್ಳುತ್ತಿದ್ದರು. ನಡೆದದ್ದರಿಂದಲೋ, ಔಷಧ ಬಿಟ್ಟದ್ದರಿಂದಲೋ, ನಕ್ಕದ್ದರಿಂದಲೋ ನನಗೆ ತಿಳಿಯದು. ಇಷ್ಟು ವರ್ಷದ ಸಹವಾಸದಲ್ಲಿ ನನಗೂ ಸ್ವಲ್ಪ ಅಂಗೈ ತಿರುಗಿಸುವುದು ಬಂದಿತ್ತು.

ಕೊನೆಗೊಂದು ಭಾನುವಾರ ನಾವಿಬ್ಬರೂ ಹೋದಾಗ ಅಂಗಳದಿಂದ ಕೂಗು ಬರಲಿಲ್ಲ. ಅವರು ಒಳಕೋಣೆಯ ಮಂಚದಲ್ಲಿದ್ದರು. ಹೊಟ್ಟೆ ನೀರು ತುಂಬಿ ಉಬ್ಬಿತ್ತು, ಕೈಕಾಲು ಕಡ್ಡಿಯಾಗಿತ್ತು. ಕಣ್ಣು ಹಳದಿ. ಮಾಸ್ತರ ದ್ವಾದಶಿಯ ಹಳದಿಯಲ್ಲ, ಹಣ್ಣಡಿಕೆಯ ಗಾಢ ಹಳದಿ. ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ಟಿದ್ದರು. ಸೊಸೆ, ಎಂದರೆ ಮಾಸ್ತರ ಮಗಳು, ಅತ್ತೆಗೆ ಆಸರೆಯಾಗಲು ಹುಬ್ಬಳ್ಳಿಯಿಂದ ಬಂದು ಉಳಿದಿದ್ದಳು. ಮೊಮ್ಮಗಳು ಮಂಚದ ಕೆಳಗೆ ದುಬೈ ಡಬ್ಬಿಗಳನ್ನು ಸಾಲಾಗಿ ಇಟ್ಟು ಆಡುತ್ತಿತ್ತು. ಅಜ್ಜನ ಕಣ್ಣು ಯಾಕೆ ಹಾಗೆ ಎಂದು ಅದು ಕೇಳಿತು, ತಾಯಿ ಅದರ ಕೈಗೆ ಇನ್ನೊಂದು ಡಬ್ಬಿ ಕೊಟ್ಟಳು.

ಮಾಸ್ತರು ಮಂಚದ ತುದಿಯಲ್ಲಿ ಕುಳಿತರು. ಕೊಡೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡರು. ಮೆನೇಜರು ಕಷ್ಟದಿಂದ ಮುಖ ತಿರುಗಿಸಿದರು. ದನಿ ಸಣ್ಣದಾಗಿತ್ತು, ತಮಾಷೆ ಮಾತ್ರ ಹಾಗೆಯೇ ಇತ್ತು.

"ನಂಗೂ ನಿನ್ನ ಹಳದಿ ಬಂತಲ ಭಾವ. ಇದೂ ನನ್ನ ಜೀವ ಕಾಯ್ತ ಹೇಳು."

ನಾನು ಕಿಟಕಿಯ ಕಡೆ ತಿರುಗಿದೆ. ಗದ್ದೆಯ ನೀರು ಯಾವುದು, ನೆರೆಯ ನೀರು ಯಾವುದು ಎಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಮಾಸ್ತರೇ. ಅಂಗೈ ಈಗ ಮೇಲಕ್ಕೆ ತಿರುಗುತ್ತದೆ, ಈಗ ಕೆಳಕ್ಕೆ ತಿರುಗುತ್ತದೆ ಎಂದು ಕಾದೆ. ಅದು ಕೊಡೆಯ ಹಿಡಿಯ ಮೇಲೆ ಬಿಗಿದುಕೊಂಡೇ ಇತ್ತು. ಬಾಗಿಲಲ್ಲಿ ಮಗಳು ನಿಂತಿದ್ದಳು. ಅವರು ಅವಳ ಕಡೆ ನೋಡಲಿಲ್ಲ.

"ಕಾಯ್ತು ಭಾವ," ಎಂದರು. "ಇದೂ ಕಾಯ್ತು."

ಮೆನೇಜರು ಬಹಳ ಹೊತ್ತು ಅವರನ್ನು ನೋಡಿದರು. ಮುಂದಿನ ಮಾತಿಗೆ ಕಾಯುತ್ತಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಅದು ಬರುವುದಿಲ್ಲ ಎಂದು ಗೊತ್ತಾದಾಗ ಅವರ ಮುಖದಲ್ಲಿ ಹಳೆಯ ನಗೆ ಕಾಣಿಸಿಕೊಂಡಿತು.

"ಇಕ್ಕು ಎಲ್ಲಿ ಹೋತು ಭಾವ?"

ಮಾಸ್ತರು ತಲೆ ತಗ್ಗಿಸಿ ಕೊಡೆಯನ್ನೇ ನೋಡಿದರು. ಮೆನೇಜರು ಕೈ ಚಾಚಿ ಕೊಡೆಯ ಮೇಲಿದ್ದ ಅವರ ಕೈ ಹಿಡಿದರು. ತೋಳಿನ ಚುಟಿಕೆಗಳು ಸುಕ್ಕಿನಲ್ಲಿ ಮಡಚಿಹೋಗಿದ್ದವು.

"ಆತು," ಎಂದರು. "ಗೊತ್ತಾತು ನಂಗೆ." ಆಮೇಲೆ ಸೊಸೆಯನ್ನು ಕರೆದು, ಅಪ್ಪಯ್ಯನಿಗೆ ಚಾ ಮಾಡು, ಸಕ್ಕರೆ ಸರಿಯಾಗಿ ಹಾಕು ಎಂದರು. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದಳು. ಆ ವಾರ ಮುಗಿಯುವುದರೊಳಗೆ ಮೆನೇಜರು ತೀರಿಕೊಂಡರು.

ಆ ಭಾನುವಾರ ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಮಾಸ್ತರು ತುಕ್ಕು ಹಿಡಿದ ಸರಳಿಗೆ ಹಣೆ ಕೊಟ್ಟು ಕುಳಿತಿದ್ದರು. ಮುರ್ಡೇಶ್ವರ ಹೋಯಿತು, ಮಂಕಿ ಹೋಯಿತು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಎಂದು ಗೊತ್ತಾದದ್ದು ಆ ದಾರಿಯಲ್ಲಿ. ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ. ಬಸ್ಸು ಶರಾವತಿಯ ಸೇತುವೆ ಹತ್ತಿದಾಗ, ನೀವು ಹಾಗೆ ಹೇಳಿದ್ದರಿಂದ ಅವರ ಮನಸ್ಸಿಗೆ ಸಮಾಧಾನವಾಯಿತು ಸರ್ ಎಂದೆ.

ಅವರು ಕೆಳಗಿನ ನೀರನ್ನು ನೋಡಿದರು. ಸೇತುವೆ ಮುಗಿಯುವವರೆಗೂ ನೋಡಿದರು. ತೊಡೆಯ ಮೇಲಿದ್ದ ಅಂಗೈ ನಿಧಾನವಾಗಿ ಮೇಲಕ್ಕೆ ತಿರುಗಿತು, ಮತ್ತೆ ಕೆಳಕ್ಕೆ ತಿರುಗಿತು.

"ಇಕ್ಕು," ಎಂದರು.